ಮೊಲದ ಕಾಲುಗಳ ಸಂಖ್ಯಾನಿರ್ಣಯ: ಒಂದು ಶುಶ್ರೂಷಾ ಮೀಮಾಂಸೆ

ಮೊಲದ ಕೊಂಬಿನ ಬಗ್ಗೆ ನಮ್ಮ ತಾರ್ಕಿಕರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಶಶವಿಷಾಣ ಎಂದು ಅದಕ್ಕೊಂದು ಹೆಸರನ್ನೂ ಇಟ್ಟು, ಇಲ್ಲದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ತೀರ್ಮಾನಿಸಿ ಎದ್ದುಹೋದರು. ಇರುವ ಕಾಲಿನ ಗೊಡವೆಗೆ ಒಬ್ಬರೂ ಹೋಗಲಿಲ್ಲ. ಅದು ಜನಪದರ ಪಾಲಿಗೆ ಬಂತು. ಅವರು ಒಂದೇ ಉಸಿರಿಗೆ ಮುಗಿಸಿದರು: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇದನ್ನು ಹಟಮಾರಿಗಳನ್ನು ಹಂಗಿಸಲು ಬಳಸುವುದು ವಾಡಿಕೆ. ಪ್ರಸ್ತುತ ಪ್ರಬಂಧಕಾರನ ನಮ್ರ ನಿಲುವೇನೆಂದರೆ, ಇದು ಗಾದೆಯೇ ಅಲ್ಲ, ಕೇಸ್‌ಶೀಟು. ಯಾವನೋ ಪುಣ್ಯಾತ್ಮ ಪೆಟ್ಟುಬಿದ್ದ ಮೊಲವನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡಿದ್ದಾನೆ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾನೆ. ನಾಲ್ಕನೆಯದು ಪಟ್ಟಿಯೊಳಗಿತ್ತು. ಊರಿನವರು ನಂಬಲಿಲ್ಲ, ಅಷ್ಟೆ.

ಅಧ್ಯಯನದ ವ್ಯಾಪ್ತಿ: ಬೆಂಗಳೂರಿನ ಒಂದು ಮಹಡಿ ಮನೆ, ಅದರೊಳಗಿನ ಒಂದು ಮೊಲ. ಕಾಡುಮೊಲವನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಅದನ್ನು ಹಿಡಿದವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೆಸೆಯಿಂದ ಕಾಲುಗಳ ಲೆಕ್ಕವನ್ನು ನ್ಯಾಯಾಧೀಶರ ಮುಂದೆ ಒಪ್ಪಿಸಬೇಕಾದೀತು. ನಮ್ಮದು ಯುರೋಪು ಮೂಲದ ಸಾಕುಮೊಲ. ಕಂದು ಬಣ್ಣ, ಎರಡು ಕೆಜಿ ತೂಕ. ಕಾಲು ಮಡಚಿ ಕೂತರೆ ತಟ್ಟೆಗೆ ಬಡಿಸಿದ ಹಾಗೇ ಕಾಣುವುದರಿಂದ ಹೆಸರು ಮುದ್ದೆ. ಯುಗಾದಿಯ ಮರುದಿನ ಅದು ಬಾಲ್ಕನಿ ಗ್ರಿಲ್ಲಿಗೆ ಎಡ ಹಿಂಗಾಲು ಸಿಕ್ಕಿಸಿಕೊಂಡು, ಒದ್ದಾಡಿ, ಒಂದು ಉಗುರನ್ನು ಕಿತ್ತುಕೊಂಡಿತು. ಪಾದದ ಒಂದು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಮಾಡಿಕೊಂಡಿತು.

ಪೂರ್ವಸೂರಿಗಳ ಸಮೀಕ್ಷೆ ಹೀಗಿದೆ. ಮೊದಲು ಹೊತ್ತುಕೊಂಡು ಹೋದ ಕ್ಲಿನಿಕ್ಕಿನವರು, ನಾವು ನಾಯಿ ಬೆಕ್ಕು ಮಾತ್ರ ನೋಡೋದು ಎಂದು ಪ್ರಮೇಯವನ್ನೇ ನಿರಾಕರಿಸಿದರು. ಅತ್ತೆಯವರದು ಅರಿಶಿನ ಪಂಥ. ಎದುರುಮನೆಯವರದು ಅಮಾಕ್ಸಿಸಿಲಿನ್ ಪಂಥ. ತಮ್ಮ ಹಲ್ಲುನೋವಿನಲ್ಲಿ ಉಳಿದಿದ್ದ ನಾಲ್ಕು ಮಾತ್ರೆಗಳನ್ನು ಬಹಳ ಉದಾರವಾಗಿ ತಂದುಕೊಟ್ಟಿದ್ದರು. ಎರಡನೆಯ ಕ್ಲಿನಿಕ್ಕಿನ ಡಾಕ್ಟರು ಎರಡೂ ಪಂಥಗಳನ್ನು ಖಂಡಿಸಿದರು. ಗಾಯಕ್ಕೆ ಹಚ್ಚಿದ್ದೆಲ್ಲ ಮೊಲದ ನಾಲಗೆಗೇ ಹೋಗುವುದು, ಸಲೈನಿನಲ್ಲಿ ತೊಳೆದರೆ ಸಾಕು. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದಿರೋ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೆರೆಯುತ್ತವೆ, ಮೊಲ ಕಾಲುನೋವಿನಿಂದ ಅಲ್ಲ, ಹೊಟ್ಟೆಯಿಂದ ಸಾಯುತ್ತದೆ. ಮಾತ್ರೆಗಳನ್ನು ಎದುರುಮನೆಗೆ ಗೌರವಪೂರ್ವಕವಾಗಿ ಹಿಂತಿರುಗಿಸಲಾಯಿತು. ಕಾಲಿಗೆ ಪಟ್ಟಿ ಬಿತ್ತು, ಮೂರು ವಾರ ಕುಪ್ಪಳಿಸುವಂತಿಲ್ಲ ಎಂಬ ಆಜ್ಞೆಯೂ ಆಯಿತು.

ಈಗ ಪ್ರಬಂಧದ ಹೃದಯಭಾಗವಾದ ‘ಹಿಡಿ’ ಧಾತುವಿನ ವಿಚಾರ. ‘ತಾನು ಹಿಡಿದ’ ಎಂಬಲ್ಲಿ ಹಿಡಿಯುವುದೆಂದರೆ ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಎಂದು ಇದುವರೆಗಿನ ವಿದ್ವಾಂಸರು ತಿಳಿದಿದ್ದಾರೆ. ಅವರಾರೂ ಮೊಲಕ್ಕೆ ಔಷಧಿ ಕುಡಿಸಿದವರಲ್ಲ. ಮೊಲದ ಅಸ್ಥಿಪಂಜರ ಅದರ ಮೈತೂಕದ ಶೇಕಡ 8ರಷ್ಟೇ. ಬೆಕ್ಕಿಗೆ ಅದು 12-13. ಆದರೆ ಹಿಂಗಾಲಿನ ಸ್ನಾಯುಗಳೋ ಪೈಲ್ವಾನನವು. ಸೊಂಟಕ್ಕೆ ಆಸರೆ ಇಲ್ಲದಂತೆ ಎತ್ತಿದರೆ ಗಾಳಿಗೆ ಒದ್ದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಆದ್ದರಿಂದ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ನಮ್ಮ ಹೊಟ್ಟೆಗೆ ಅವಚಿಕೊಂಡು, ನೆಲದ ಮೇಲೆ ಕೂತೇ ಹಿಡಿಯತಕ್ಕದ್ದು. ಕಿವಿ ಹಿಡಿದು ಎತ್ತುವುದು ಜಾದೂಗಾರರ ದುರಭ್ಯಾಸ. ಅಂಗಾತ ಮಲಗಿಸಿದರೆ ಮೊಲ ಸ್ತಬ್ಧವಾಗುತ್ತದೆ ನಿಜ. ಅದು ಸಮಾಧಿಯಲ್ಲ, ಭಯ.

ಔಷಧಿಯ ಹೊತ್ತಿಗೆ ಹಳೆಯ ಬೈರಾಸಿನಲ್ಲಿ ಹೋಳಿಗೆಯ ಹೂರಣದಂತೆ ಸುತ್ತಬೇಕು. ಸುತ್ತಿದಾಗ ಕಾಣುವುದು ಎರಡು ಕಿವಿ, ಒಂದು ಮೂಗು, ಅಪಾರವಾದ ತಿರಸ್ಕಾರ. ಕಾಲುಗಳು ಸೊನ್ನೆ. ಹೀಗಾಗಿ ಗಾದೆಗೆ ‘ಮೊಲಕ್ಕೆ ಕಾಲೇ ಇಲ್ಲ’ ಎಂಬ ಪಾಠಾಂತರವೊಂದು ಇದ್ದಿರಲೇಬೇಕೆಂದು ನನ್ನ ಊಹೆ; ಲಿಪಿಕಾರರು ಕೈಬಿಟ್ಟಿರಬೇಕು.

ಮೊಲ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಹದ್ದು ನರಿಗಳ ಎದುರು ಕುಂಟಿದರೆ ಕತೆ ಮುಗಿಯಿತೆಂದು ಅದರ ವಂಶಕ್ಕೆಲ್ಲ ಗೊತ್ತು. ಹಾಗಾಗಿ ಭಾಷಾಶಾಸ್ತ್ರದ ನೆರವು ಬೇಕಾಯಿತು. ತಲೆ ಸವರಿದಾಗ ಹಲ್ಲನ್ನು ಮೆಲ್ಲಗೆ ಕಟಕಟಿಸಿದರೆ ಸಂತೋಷ. ಮೂಲೆಯಲ್ಲಿ ಮುದುಡಿ ಕೂತು ಗಟ್ಟಿಯಾಗಿ ಮಸೆದರೆ ನೋವು. ಮೊದಲನೆಯದನ್ನು ಅಲ್ಪಪ್ರಾಣವೆಂದೂ ಎರಡನೆಯದನ್ನು ಮಹಾಪ್ರಾಣವೆಂದೂ ಇಲ್ಲಿ ಕರೆದಿದೆ. ಎರಡನೆಯ ರಾತ್ರಿ ಮಹಾಪ್ರಾಣ ಕೇಳಿಸಿತು. ಡಾಕ್ಟರಿಗೆ ಫೋನು ಹೋಯಿತು, ನೋವಿನ ಔಷಧಿಯ ಪ್ರಮಾಣ ಏರಿತು. ಆ ರಾತ್ರಿಯ ಬಗ್ಗೆ ಹೆಚ್ಚು ತಮಾಷೆ ಮಾಡಲು ಪ್ರಬಂಧಕಾರನಿಗೆ ಮನಸ್ಸಿಲ್ಲ.

ಆಹಾರ. ಕ್ಯಾರೆಟ್ ಕಾರ್ಟೂನಿನ ಮೊಲಕ್ಕೆ. ನಿಜದ ಮೊಲಕ್ಕೆ ಒಣಹುಲ್ಲು, ಮೇಲೊಂದಿಷ್ಟು ಸೊಪ್ಪು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದರ ಕರುಳು ನಿಂತೇಹೋಗಬಹುದು, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಹುಲ್ಲು ಮುಟ್ಟದೆ ಮುಖ ತಿರುಗಿಸಿದ ಮುದ್ದೆ, ಗಣಪತಿಗೆಂದು ಅತ್ತೆ ತಂದಿಟ್ಟಿದ್ದ ಗರಿಕೆಯನ್ನು ಕಂಡು ಮೂಗು ಆಡಿಸಿತು. ಇಪ್ಪತ್ತೊಂದು ಎಸಳೂ ಖಾಲಿ. ಅತ್ತೆಯವರು ಅರಿಶಿನ ಪಂಥವನ್ನು ತೊರೆದು ಗರಿಕೆ ಪಂಥವನ್ನು ಸ್ಥಾಪಿಸಿದ್ದು ಅಂದೇ.

ಒಳಗೆ ಹೋದದ್ದರ ಸಾಕ್ಷಿ ಹೊರಗೆ ಬಂದದ್ದು. ಹಿಕ್ಕೆ ಎಣಿಸುವ ಕ್ಷೇತ್ರಕಾರ್ಯವನ್ನು ಪ್ರಬಂಧಕಾರನೇ ಕೈಗೊಂಡನು: ಮೊದಲ ದಿನ 17, ಮೂರನೆಯ ದಿನ 64, ವಾರದ ಕೊನೆಗೆ 212. ಆರೋಗ್ಯವಂತ ಮೊಲ ದಿನಕ್ಕೆ ಇನ್ನೂರು ಮುನ್ನೂರು ಹಾಕುತ್ತದೆ. 212 ಎಂದು ನಾನು ಕೂಗಿ ಹೇಳಿದ್ದಕ್ಕೆ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. ಇದಲ್ಲದೆ ಎಳೆ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಇನ್ನೊಂದು ಬಗೆಯಿದೆ. ಅದನ್ನು ಮೊಲ ಬಗ್ಗಿ, ಹೊರಬರುತ್ತಲೇ ತಿಂದುಬಿಡುತ್ತದೆ. ವಿಟಮಿನ್ನುಗಳು ಅದರಲ್ಲೇ ಇರುವುದು. ಪಟ್ಟಿ ಕಚ್ಚದಿರಲೆಂದು ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಆಲಿಕೆ ಈ ಕ್ರಿಯೆಗೆ ಅಡ್ಡಬರುವುದರಿಂದ ಡಾಕ್ಟರು ಅದನ್ನು ಬೇಡವೆಂದರು. ತನ್ನದನ್ನೇ ಮತ್ತೊಮ್ಮೆ ತಿಂದು ಹೊಸ ಪೋಷಣೆ ಪಡೆಯುವ ಈ ಕ್ರಮ ನಮ್ಮ ವಿಚಾರಸಂಕಿರಣಗಳಿಗೆ ಹೊಸದೇನಲ್ಲ.

ಮೂರು ವಾರದ ಬಳಿಕ ಪಟ್ಟಿ ಬಿಚ್ಚಲಾಯಿತು. ಇಲ್ಲಿ ಸಿದ್ಧಾಂತಕ್ಕೆ ಸಂಕಟ ಒದಗಿತು. ಹೆಂಡತಿಯ ಪ್ರತ್ಯಕ್ಷ ಪ್ರಮಾಣದಲ್ಲಿ ಕಾಲು ನಾಲ್ಕು. ಆದರೆ ಮುದ್ದೆ ಆ ಕಾಲನ್ನು ನೆಲಕ್ಕೆ ಊರದೆ, ಮಡಚಿಕೊಂಡೇ ಮೂರರಲ್ಲಿ ಓಡಾಡುತ್ತಿತ್ತು. ಎಣಿಕೆಗೆ ಬರುವುದು ಇರುವ ಕಾಲೋ ಊರುವ ಕಾಲೋ ಎಂದು ಊಟದ ಹೊತ್ತಿನಲ್ಲಿ ನಾನು ಪೂರ್ವಪಕ್ಷ ಹೂಡಿದೆ. ಸಾರು ಬಡಿಸುವ ಸೌಟು ಮೇಲೆದ್ದುದರಿಂದ ವಾದ ಮುಂದೂಡಲ್ಪಟ್ಟಿತು.

ಅದೇ ರಾತ್ರಿ ಎರಡೂವರೆಗೆ, ಅಡುಗೆಮನೆಯಲ್ಲಿ ಬೆಕ್ಕೊಂದು ಸುಳಿದಿರಬೇಕು, ಧಡ್ ಎಂದು ನೆಲ ನಡುಗಿತು. ಅಪಾಯ ಕಂಡ ಮೊಲ ಹಿಂಗಾಲಿನಿಂದ ನೆಲ ಗುದ್ದುತ್ತದೆ. ಲೈಟು ಹಾಕಿದೆ. ಮುದ್ದೆ ಕಿವಿ ನೆಟ್ಟಗೆ ಮಾಡಿ ನಿಂತಿತ್ತು. ಎಡ ಹಿಂಗಾಲು ಮೇಲೆದ್ದಿತು, ಧಡ್. ಇನ್ನೊಮ್ಮೆ ಧಡ್. ನಾಲ್ಕನೆಯ ಕಾಲಿಗೆ ಶಬ್ದಪ್ರಮಾಣ.

ಐದು ನಿಮಿಷಕ್ಕೆ ಕಾಲಿಂಗ್ ಬೆಲ್ಲು ಬಡಿಯಿತು. ಬಾಗಿಲು ತೆಗೆದರೆ ಕೆಳಮನೆಯವರು, ಪಂಚೆ ಎತ್ತಿಕಟ್ಟಿಕೊಂಡು.

“ಏನ್ರೀ ಇದು, ಮಧ್ಯರಾತ್ರೀಲಿ ಏನ್ ಕುಟ್ತಾ ಇದೀರಿ?”

“ಸಾರ್,” ಎಂದೆ, “ನೀವೂ ಕೇಳಿಸ್ಕೊಂಡ್ರಾ? ಒಂದು ಸಹಿ ಬೇಕಿತ್ತು.”