ಸಾಲ್ಡರ್ ರಾಯರು

‘ಇದನ್ನ ಮನೇಲೇ ಮಾಡ್ಕೋಬಹುದಲ್ಲ!’ ಎಂಬುದು ಸಾಲ್ಡರ್ ರಾಯರ ತಾರಕಮಂತ್ರ. ಅಂಗಡಿಯಲ್ಲಿ ಉಳಿದವರು ವಸ್ತುವಿನ ಬೆಲೆ ಕೇಳುತ್ತಾರೆ. ರಾಯರು ಅದನ್ನು ತಲೆಕೆಳಗು ಮಾಡಿ ಸ್ಕ್ರೂ ಎಲ್ಲಿದೆ ಎಂದು ಹುಡುಕುತ್ತಾರೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕಾರ್ಖಾನೆಯಿಂದ ನಿವೃತ್ತರು, ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್, ತೋರುಬೆರಳಲ್ಲಿ ಸುಟ್ಟ ಕಲೆ, ಮಂಚದ ಕೆಳಗೆ ಸತ್ತ ರೇಡಿಯೋಗಳ ಜೊತೆ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆಯ ಹಳೇ ಸಂಚಿಕೆಗಳ ಕಟ್ಟು.

ಮಹಡಿ ಮೇಲಿನ ಟ್ಯಾಂಕು ತುಂಬಿದಾಗ ಕಿರುಚುವ ಒಂದು ಗಂಟೆ ಬೇಕು ಎಂದು ಮನೆಯಾಕೆ ಕೇಳಿದ್ದರು. ರಾಯರು ಅದಕ್ಕೊಂದು ಮೈಕ್ರೋಕಂಟ್ರೋಲರ್ ಹಾಕುವುದೆಂದು ತೀರ್ಮಾನಿಸಿದರು. ಆ ಚಿಪ್ಪು ಅಂಗಡಿಯಿಂದ ಬರುವಾಗ ತಲೆ ಖಾಲಿ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಅದರೊಳಗೆ ಇಳಿಸಲು ನಡುವೆ ಪ್ರೋಗ್ರಾಮರ್ ಎಂಬ ಪುಟ್ಟ ಬೋರ್ಡು ಬೇಕು. ಎಸ್.ಪಿ. ರೋಡಿನಲ್ಲಿ ಅದು ಕೆಲವೇ ನೂರು ರೂಪಾಯಿಗೆ ಸಿದ್ಧವಾಗಿ ಸಿಗುತ್ತದೆ. ಹಾಗೆಂದು ಹೇಳುವ ತಪ್ಪನ್ನು ಮಗ ಮಾಡಿದ. ‘ಕೊಂಡೋರು ಕೊಂಡೋರೇ, ಮಾಡ್ದೋರು ಮಾಡ್ದೋರೇ’ ಎಂದ ರಾಯರು ಮರುದಿನವೇ ಚೀಲ ಹಿಡಿದು ಅದೇ ಎಸ್.ಪಿ. ರೋಡಿಗೆ ಹೊರಟರು.

ಥಾಮಸ್ ಫಿಶ್ಲ್ ಎಂಬ ಪುಣ್ಯಾತ್ಮ ‘ಯುಎಸ್‌ಬಿಎಎಸ್‌ಪಿ’ ಎಂಬ ಪ್ರೋಗ್ರಾಮರಿನ ನಕ್ಷೆಯನ್ನೂ ಅದರೊಳಗಿನ ಪ್ರೋಗ್ರಾಮನ್ನೂ ಲೋಕಕ್ಕೇ ಬಿಟ್ಟಿ ಕೊಟ್ಟಿದ್ದಾನೆ. 28 ಕಾಲಿನ ಒಂದು ಎಟಿಮೆಗಾ8 ಚಿಪ್ಪು, 12 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್, ಎರಡು ಝೀನರ್ ಡಯೋಡು, ಒಂದು ಹಿಡಿ ರೆಸಿಸ್ಟರು ಮತ್ತು ಕೆಪಾಸಿಟರು. ಕಾಗದದ ಮೇಲೆ ಖರ್ಚು ಅಗ್ಗವೇ. ಆದರೆ 68 ಓಮಿನ ರೆಸಿಸ್ಟರ್ ಬೇಕಾದದ್ದು ಎರಡು, ‘ಬಿಡಿ ಕೊಡಲ್ಲ ಸಾರ್’ ಎಂದು ಅಂಗಡಿಯವನು ಕೊಟ್ಟದ್ದು 100ರ ಪೊಟ್ಟಣ. ಉಳಿದ 98 ಮೊಮ್ಮಕ್ಕಳ ಕಾಲಕ್ಕಿರಲಿ ಎಂದು ರಾಯರು ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟಿದ್ದಾರೆ. ಆಟೋ ಬಾಡಿಗೆ, ಮಸಾಲೆ ದೋಸೆ, ಹೊಸ ಮಲ್ಟಿಮೀಟರು ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಬಂದರೆ ಆ ಲೆಕ್ಕವೇ ಬೇರೆ.

ಬೋರ್ಡೂ ಮನೆಯಲ್ಲೇ ಆಗಬೇಕಲ್ಲ. ನುಣುಪು ಹಾಳೆಯ ಮೇಲೆ ನಕ್ಷೆಯನ್ನು ಲೇಸರ್ ಪ್ರಿಂಟ್ ತೆಗೆಸಿ, ತಾಮ್ರದ ಹಲಗೆಯ ಮೇಲೆ ಮಗುಚಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಗೆರೆಗಳು ಹಲಗೆಗೆ ಅಂಟುತ್ತವೆ. ರಾಯರು ಸೀರೆ ಜಾಹೀರಾತಿನ ಪುಟವೊಂದನ್ನು ವಾರಪತ್ರಿಕೆಯಿಂದ ಕಿತ್ತು ಝೆರಾಕ್ಸ್ ಅಂಗಡಿಗೆ ಒಯ್ದರು. ‘ಸಾರ್, ಮಷೀನು ಹಾಳಾಗುತ್ತೆ’ ಎಂದು ಹುಡುಗ ಗೋಗರೆದರೂ ಬಿಡಲಿಲ್ಲ. ಆಮೇಲೆ ಫೆರಿಕ್ ಕ್ಲೋರೈಡ್. ಗೆರೆಯಿಲ್ಲದ ಕಡೆಯ ತಾಮ್ರವನ್ನೆಲ್ಲ ತಿನ್ನುವ ಈ ಕಂದು ದ್ರಾವಣಕ್ಕೆ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ರಾಯರು ಸ್ಟೀಲ್ ತಟ್ಟೆ ತೆಗೆದುಕೊಂಡರು. ತವರಿನಿಂದ ಬಂದ, ಹೆಸರು ಕೆತ್ತಿಸಿದ ತಟ್ಟೆ. ಬೋರ್ಡು ಚೆನ್ನಾಗಿಯೇ ಬಂತು, ತಟ್ಟೆಯ ಮೇಲಿನ ಹೆಸರು ಹೋಯಿತು. ಆ ವಾರ ರಾಯರ ಮನೆಯಲ್ಲಿ ಮಾತುಕತೆ ಮೊಮ್ಮಗಳ ಮೂಲಕ ನಡೆಯಿತು.

ಬೋರ್ಡು ಆಯಿತು, ಚಿಪ್ಪೂ ಕೂತಿತು. ಆಗ ಹೊಳೆಯಿತು ಎಡವಟ್ಟು: ಪ್ರೋಗ್ರಾಮರಿನೊಳಗಿನ ಚಿಪ್ಪಿನ ತಲೆಯೂ ಖಾಲಿ! ಅದಕ್ಕೆ ಪ್ರೋಗ್ರಾಮ್ ತುಂಬಿದರೆ ಮಾತ್ರ ಅದು ಪ್ರೋಗ್ರಾಮರ್. ತುಂಬಲು ಇನ್ನೊಂದು ಪ್ರೋಗ್ರಾಮರ್ ಬೇಕು. 25 ಪಿನ್ನಿನ ಪ್ರಿಂಟರ್ ಸಾಕೆಟ್ ಇರುವ ಹಳೇ ಕಂಪ್ಯೂಟರಿದ್ದರೆ ನಾಲ್ಕಾರು ತಂತಿ ಎಳೆದು ಕೆಲಸ ಮುಗಿಸಬಹುದಿತ್ತು. ಅಂಥದೊಂದು ಇತ್ತು ಕೂಡ. ಹೋದ ದೀಪಾವಳಿಗೆ ಮಗ ಅದನ್ನು ಹಳೇ ಪೇಪರಿನವನಿಗೆ ಹಾಕಿದ್ದ. ಈ ವಿಷಯ ಇನ್ನೂ ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯದ ಮಟ್ಟದಲ್ಲಿದೆ.

‘ಈಗೇನು ಮಾಡ್ತೀರಿ?’ ಎಂದರು ಮನೆಯಾಕೆ, ಮೊಮ್ಮಗಳನ್ನು ಬಿಟ್ಟು ನೇರವಾಗಿಯೇ.

‘ರಾಜಾಜಿನಗರದಲ್ಲಿ ಒಬ್ರಿದಾರೆ. ಅವರ ಪ್ರೋಗ್ರಾಮರಿಂದ ನನ್ನ ಚಿಪ್ಪಿಗೆ ಹಾಕಿಸ್ಕೊಂಡು ಬರ್ತೀನಿ.’

‘ಅವರದಕ್ಕೆ ಯಾರು ಹಾಕಿದ್ದು?’

‘ಮಲ್ಲೇಶ್ವರದವರು.’

‘ಹೆಪ್ಪಿಗೆ ಹೊರಟಿದೀನಿ ಅನ್ನಿ ಮತ್ತೆ. ಬಟ್ಟಲು ಕೊಡ್ಲಾ?’

ರಾಯರಿಗೆ ಇದು ನಾಟಿತು, ಆದರೆ ಎದುರು ಹೇಳುವಂತಿರಲಿಲ್ಲ. ರಾಜಾಜಿನಗರದಿಂದ ಹೆಪ್ಪು ಬಂತು. ಜೊತೆಗೆ ಎರಡು ಲೋಟ ಕಾಫಿ ಕುಡಿಸಿ ಅವರು ಫ್ಯೂಸ್ ಬಿಟ್ಟುಗಳ ಮೇಲೆ ಒಂದು ಉಪನ್ಯಾಸವನ್ನೂ ಕೊಟ್ಟಿದ್ದರು. ಹೊಸ ಎಟಿಮೆಗಾ8 ತನ್ನೊಳಗಿನ 1 ಮೆಗಾಹರ್ಟ್ಸ್ ಗಡಿಯಾರದಲ್ಲೇ ತೂಕಡಿಸುತ್ತಿರುತ್ತದೆ. ಫ್ಯೂಸ್ ಬದಲಿಸಿ ಹೊರಗಿನ ಕ್ರಿಸ್ಟಲ್ ನೋಡು ಎಂದು ಹೇಳದಿದ್ದರೆ ಯುಎಸ್‌ಬಿಯ ಓಟಕ್ಕೆ ಅದು ಸಿಕ್ಕುವುದೇ ಇಲ್ಲ. ಬೆಳಗಿನ ವಾಕಿಂಗಿನಲ್ಲಿ ಆ ಉಪನ್ಯಾಸ ನಮಗೆಲ್ಲರಿಗೂ ಮರುಪ್ರಸಾರವಾಯಿತು. ‘ಸ್ವಾಮಿ, ಈ ಚಿಪ್ಪಿನೊಳಗೆ ಯುಎಸ್‌ಬಿ ಅನ್ನೋದೇ ಇಲ್ಲ. ಆಸ್ಟ್ರಿಯಾದೋರು ವಿ-ಯುಎಸ್‌ಬಿ ಅಂತ ಬರೀ ಸಾಫ್ಟ್‌ವೇರಿನಲ್ಲಿ ವೇಷ ಹಾಕ್ಸಿದಾರೆ. ಕಂಪ್ಯೂಟರ್ ನಂಬಿಬಿಡುತ್ತೆ!’

ರಾಯರ ಕಂಪ್ಯೂಟರ್ ಮಾತ್ರ ನಂಬಲಿಲ್ಲ. ಚುಚ್ಚಿದಾಗಲೆಲ್ಲ ಗುರುತಿಲ್ಲ ಎಂದಿತು. ಸಾಲ್ಡರು ಕಿತ್ತು ಮತ್ತೆ ಹಾಕಿದರು. ಕೇಬಲ್ ಬದಲಾಯಿಸಿದರು. ರಾಹುಕಾಲ ಬಿಟ್ಟು ಚುಚ್ಚಿದ್ದೂ ಉಂಟೆಂದು ಮೊಮ್ಮಗಳ ಹೇಳಿಕೆ. ಕೊನೆಗೆ ಸಿಕ್ಕಿಬಿದ್ದದ್ದು ಝೀನರ್. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್, ಆದರೆ ಸಂಕೇತ ಓಡುವ ಎರಡು ತಂತಿಗಳಲ್ಲಿ ಅಷ್ಟು ಕೂಡದು. ಅದನ್ನು ತಗ್ಗಿಸಲು 3.6 ವೋಲ್ಟಿನ ಝೀನರ್, ಅದೂ ಅರ್ಧ ವ್ಯಾಟಿನದೋ ಇನ್ನೂ ಸಣ್ಣದೋ ಹಾಕಬೇಕು. ರಾಯರು ‘ಗಟ್ಟಿಮುಟ್ಟಾಗಿರಲಿ’ ಎಂದು ಒಂದು ವ್ಯಾಟಿನ ದಪ್ಪನೆಯದನ್ನು ತಂದಿದ್ದರು. ದಪ್ಪನೆಯದರ ಕೆಪಾಸಿಟೆನ್ಸ್ ಜಾಸ್ತಿ. ಸೆಕೆಂಡಿಗೆ 15 ಲಕ್ಷ ಬಿಟ್ಟು ಓಡುವ ದಾರಿಯಲ್ಲಿ ಸಂಕೇತದ ಅಂಚೇ ಮೊಂಡಾಗಿ ಹೋಗುತ್ತದೆ. ಬಾಗಿಲ ಚಿಲಕದಿಂದ ಸೊಸೆಯ ಮಿಕ್ಸಿಯವರೆಗೆ ಎಲ್ಲದರಲ್ಲೂ ದಪ್ಪನೆಯದನ್ನೇ ಆರಿಸಿ ಬದುಕಿದ ಮನುಷ್ಯನಿಗೆ ಈ ಸತ್ಯ ಜೀರ್ಣವಾಗಲು ಸಮಯ ಹಿಡಿಯಿತು.

ಸಣ್ಣ ಝೀನರ್ ಹಾಕಿದ ದಿನ ಕಂಪ್ಯೂಟರು ಗುರುತು ಹಿಡಿಯಿತು. ರಾಯರು ಬೋರ್ಡಿಗೆ ಕುಂಕುಮ ಇಟ್ಟರು. ಮೊದಲ ಪ್ರೋಗ್ರಾಮು, ದೇವರ ಮನೆಯಲ್ಲಿ ಮಿಣುಕುವ ಒಂದು ಎಲ್‌ಇಡಿ. ಎರಡನೆಯದು? ಟ್ಯಾಂಕಿನ ಗಂಟೆ ಎಂದು ನೀವು ಊಹಿಸಿದರೆ ನಿಮಗೆ ಈ ಜಾತಿಯ ಪರಿಚಯ ಸಾಲದು. ಎರಡನೆಯದು ಪಕ್ಕದ ಬೀದಿಯ ನಿವೃತ್ತ ಮೇಷ್ಟರು ತಂದ ಖಾಲಿ ಚಿಪ್ಪು. ಅವರೂ ಮನೆಯಲ್ಲೇ ಒಂದು ಪ್ರೋಗ್ರಾಮರ್ ಮಾಡುತ್ತಿದ್ದಾರಂತೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಈಗ ರಾಯರ ಪ್ರೋಗ್ರಾಮರಿಂದ ಹುಟ್ಟಿದ ಪ್ರೋಗ್ರಾಮರುಗಳು ಬಡಾವಣೆಯ ತುಂಬ ಇವೆ. ಅವುಗಳಲ್ಲಿ ಒಂದಾದರೂ ಬೇರೆ ಯಾವ ಕೆಲಸವನ್ನಾದರೂ ಮಾಡಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದ. ಕೈಯಲ್ಲಿ ಎಟಿಮೆಗಾ8. ‘ಅಂಕಲ್, ಇದಕ್ಕೆ ಸ್ವಲ್ಪ ಹಾಕಿಕೊಡ್ತೀರಾ?’

ಒಳಗಿನಿಂದ ಮನೆಯಾಕೆಯ ದನಿ ಬಂತು: ‘ಊರಿಗೆಲ್ಲ ಹೆಪ್ಪು ಕೊಟ್ಟಿದ್ದಾಯ್ತು, ನಮ್ಮನೇಲಿ ಮೊಸರನ್ನ ಯಾವತ್ತೂಂದ್ರೆ?’

ರಾಯರು ಕನ್ನಡಕ ಏರಿಸಿಕೊಂಡು ಚಿಪ್ಪಿನ ಕಾಲುಗಳನ್ನು ಬೆಳಕಿಗೆ ಹಿಡಿದಿದ್ದರು. ‘ಕೂತ್ಕೊಳೋ ಮರಿ. ಝೀನರ್ ತಂದಾಯ್ತಾ? ಎಷ್ಟು ವ್ಯಾಟಿಂದು ಹೇಳು ಮೊದ್ಲು.’