ಎಫ್‌ಸಿಂಕ್ ಎಂಬ ಹಟಮಾರಿ

ಡೇಟಾಬೇಸ್ ತೆವಳುತ್ತಿದೆ ಎಂದರೆ ನಮ್ಮವರು ಮೊದಲು ಬೈಯುವುದು ಪ್ರೊಸೆಸರನ್ನು. ಪಾಪ, ಅದು ಕೈಕಟ್ಟಿ ಕೂತಿರುತ್ತದೆ! ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿ: ಎಫ್‌ಸಿಂಕ್ ಎಂಬ ಕರೆ, ‘ಬರೆದದ್ದು ಡಿಸ್ಕಿಗೆ ನಿಜಕ್ಕೂ ಮುಟ್ಟಿತಾ?’ ಎಂದು ಅಡ್ಡ ಕೂತಿರುತ್ತದೆ. ಮುಯ್ಯಿ ಪುಸ್ತಕದಲ್ಲಿ ತನ್ನ ಹೆಸರು ಕಂಡ ಹೊರತು ಜಾಗ ಬಿಡದ ಅಜ್ಜನ ಹಾಗೆ.

ನಿಮಿಷಕ್ಕೆ 7,200 ಸುತ್ತಿನ ಹಾರ್ಡ್ ಡಿಸ್ಕ್ ಅಂದರೆ ಸೆಕೆಂಡಿಗೆ 120 ಸುತ್ತು, ಸುತ್ತಿಗೆ 8.3 ಮಿಲಿಸೆಕೆಂಡು. ಒಂದೇ ಲಾಗಿಗೆ ಒಂದರ ಹಿಂದೊಂದು ಸಿಂಕ್ ಮಾಡಿದರೆ ಸೆಕೆಂಡಿಗೆ ನೂರಿಪ್ಪತ್ತರ ಆಸುಪಾಸಿಗೇ ಸುಸ್ತು. ಅಂಥ ಡಿಸ್ಕು ‘ಸೆಕೆಂಡಿಗೆ ಸಾವಿರ ಸಲ ಬರೆದೆ’ ಎಂದರೆ ಹಿಗ್ಗಬೇಡಿ, ಕ್ಯಾಶ್‌ನಲ್ಲಿಟ್ಟುಕೊಂಡು ರೀಲು ಬಿಡುತ್ತಿರುತ್ತದೆ. ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಹಾಗೆಂದರೆ ನಂಬಬಹುದು. ಕರೆಂಟು ಹೋದರೂ ಬರೆದು ಮುಗಿಸುವಷ್ಟು ಉಸಿರು ಅದಕ್ಕಿರುತ್ತದೆ.