ನಾಕು ಸಾಲಿನ ಸಾವಕಾರರು

ಕನ್ನಡ ಮಾಸ್ತರನಿಗೆ ನಿವೃತ್ತಿ ಎಂಬುದು ಸರಕಾರಿ ಕಾಗದದಲ್ಲಿ ಮಾತ್ರ. ಊರಿನ ಲೆಕ್ಕದಲ್ಲಿ ಅವನು ಸಾಯುವ ತನಕ ಡ್ಯೂಟಿ ಮೇಲೆಯೇ ಇರುತ್ತಾನೆ. ಲಗ್ನಪತ್ರಿಕೆಯ ಒಕ್ಕಣೆ, ಜಾತ್ರೆಯ ಕರಪತ್ರ, ಸತ್ತವರ ಫ್ಲೆಕ್ಸಿಗೆ ಕಣ್ಣೀರು, ಗೆದ್ದವರ ಫ್ಲೆಕ್ಸಿಗೆ ಹೊಗಳಿಕೆ ಎಲ್ಲವನ್ನೂ ಅವನೇ ಬರೆದು ಕೊಡಬೇಕು. ಇವರನ್ನೆಲ್ಲ ಸಹಿಸಬಹುದು. ಲಗ್ನ ಒಮ್ಮೆ ಆಗುತ್ತದೆ, ಸಾವೂ ಒಮ್ಮೆಯೇ. ಸಹಿಸಲಾಗದ ತಳಿ ಬೇರೆ ಇದೆ: ಸ್ವಂತದ್ದೊಂದು ಸಣ್ಣ ವ್ಯಾಪಾರ ಇಟ್ಟುಕೊಂಡು, ವರ್ಷಕ್ಕೆ ಆರು ಸಲ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, "ಮಾಸ್ತರ, ಒಂದ ನಾಕು ಸಾಲು ಬರದು ಕೊಡ್ರಿ" ಎನ್ನುವ ಸಾವಕಾರರು.

ಈ 'ನಾಕು ಸಾಲು' ಎಂಬುದು ಅಳತೆ ಅಲ್ಲ, ದರ. ಅಂದರೆ ಪುಕ್ಕಟೆ. ಫ್ಲೆಕ್ಸ್ ಹೊಡೆಯುವವನಿಗೆ ಚದರಡಿ ಲೆಕ್ಕದಲ್ಲಿ ರೊಕ್ಕ ಎಣಿಸುವ ಮನುಷ್ಯ, ಅದರ ಮೇಲಿನ ಅಕ್ಷರಗಳು ಗಾಳಿಯಲ್ಲಿ ಹಾರಿ ಬಂದು ಕೂತಿವೆ ಎಂದೇ ತಿಳಿದಿರುತ್ತಾನೆ. ಈ ತಳಿ ನಮ್ಮ ಕಡೆ ಎಲ್ಲ ಊರಲ್ಲೂ ಸಿಗುತ್ತದೆ. ಗೋಕಾಕದಲ್ಲಿ ಅದು ಕರದಂಟು ಮಾರುತ್ತದೆ. ತನ್ನ ಅಂಗಡಿಯೇ 'ಅಸಲಿ', ಪಕ್ಕದ್ದು ಅಲ್ಲ ಎಂದು ಪಕ್ಕದವನ ಮನಸ್ಸು ನೋಯದ ಹಾಗೆ ಬರೆಯಿರಿ ಎನ್ನುತ್ತದೆ. ಸಂಕೇಶ್ವರದಲ್ಲಿ ಮೆಣಸಿನಕಾಯಿ ಮಾರುತ್ತದೆ. ಖಾರ ಇದೆ ಅಂತಲೂ ಬರಬೇಕು, ಹೊಟ್ಟೆ ಉರಿಯುವುದಿಲ್ಲ ಅಂತಲೂ ಬರಬೇಕು. ಮೂಡಲಗಿಯಲ್ಲಿ ಅರಿವೆ ಅಂಗಡಿ ಇಟ್ಟಿರುತ್ತದೆ. ವರ್ಷದ ಮೂರುನೂರ ಅರವತ್ತೈದು ದಿನವೂ 'ಕೊನೆಯ ಮೂರು ದಿನ ಮಾತ್ರ' ಎಂದು ಬರೆಸುತ್ತದೆ.

ನನ್ನ ಪಾಲಿಗೆ ಬಂದವರು ಬೆಲ್ಲದ ಬಾಗೇವಾಡಿಯ ಸಾವಕಾರರು. ಒಂದು ಗಾಣ, ಅದಕ್ಕೆ ಹತ್ತಿದಂತೆ ಒಂದು ಅಂಗಡಿ. ಹೊಟ್ಟೆ ಸ್ವಲ್ಪ ಮುಂದೆ, ಮಾತು ಅದಕ್ಕಿಂತ ಮುಂದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅದನ್ನೂ ಜಾಹೀರಾತು ಎಂದುಕೊಂಡು, "ಅಂಗಡಿ ಫೋನ್ ನಂಬರೂ ಹಾಕಬೇಕಾಗಿತ್ತಲ್ರಿ" ಎಂದು ಬೆಳಿಗ್ಗೆ ಆರಕ್ಕೆ ಬಂದು ನಿಲ್ಲುತ್ತಾರೆ.

ಅವರ ಮೊದಲನೆಯ ಬಂಡವಾಳ ಊರಿನ ಹೆಸರು. "ಮಾಸ್ತರ, ನಾಡಿನಾಗ ಬಾಗೇವಾಡಿ ಬೇಕಾದಷ್ಟು ಅದಾವ. ವಿಜಯಪುರದ ಕಡೆದ್ದು ಬಸವಣ್ಣ ಹುಟ್ಟಿದ್ದು, ಅದಕ್ಕ ಅದು ಬಸವನ ಬಾಗೇವಾಡಿ. ಬೆಳಗಾವಿ ಹತ್ರದ್ದು ಹಿರೇಬಾಗೇವಾಡಿ, ಅದು ದೊಡ್ಡದಂತ. ನಮ್ಮದರ ಮುಂದ ಏನೈತಿ? ಬೆಲ್ಲ! ಹಿರ್ಯಾರು ಊರಿಗೇ ಲೇಬಲ್ ಹಚ್ಚಿ ಹೋಗ್ಯಾರ." ಈ ಮಾತು ಪ್ರತಿ ಸಲ ಬರುತ್ತದೆ. ಅದರ ಬೆನ್ನಿಗೆ ಕೊಲ್ಹಾಪುರದ ಮೇಲಿನ ಸಿಟ್ಟೂ ಬರುತ್ತದೆ. ಗಡಿಯಾಚೆಯ ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. "ಅವರಿಗೆ ಸರಕಾರದ ಸೀಲ್ ಐತಿ. ನಮಗ ನಿಮ್ಮ ನಾಕು ಸಾಲು" ಎನ್ನುವಾಗ ಅವರ ಮುಖದಲ್ಲಿ ಕಾಣುವುದು ನನ್ನ ಮೇಲಿನ ಭರವಸೆಯೋ ತಮ್ಮ ದುರ್ದೈವದ ಅರಿವೋ, ನನಗಂತೂ ಹೇಳಲು ಬರುವುದಿಲ್ಲ.

ನಾನಾದರೂ ಎಂಥವನು! ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ. ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲ್ಲೂಕಿನ ಮಲಾಮರಡಿಯವರು, ಆನಂದಕಂದರು ಅದೇ ತಾಲ್ಲೂಕಿನ ಬೆಟಗೇರಿಯವರು. ಅವರೆಲ್ಲ ಓಡಾಡಿದ ಘಟಪ್ರಭೆಯ ಸೀಮೆಯಲ್ಲೇ ಹುಟ್ಟಿ ಅದೇ ನೀರು ಕುಡಿದ ನಾನು ಬರೆದದ್ದು ಕರಪತ್ರ. ಎಂಟುನೂರು ಪ್ರತಿ ಉಳಿದ ಒಂದು ಕವನ ಸಂಕಲನವೂ ಉಂಟು. ಅದರ ಬೆನ್ನುಡಿಯಲ್ಲಿ ನನ್ನನ್ನು 'ಈ ಭಾಗದ ಗಮನಾರ್ಹ ಕವಿ' ಎಂದವರು ಯಾರು ಎಂದು ಕೇಳಬೇಡಿ. ಕೈಬರಹ ನನ್ನದೇ.

ಸಾವಕಾರರಿಗೆ ಪ್ರಿಯವಾದ ಶಬ್ದ 'ಖಡಕ್'. ನಾನು ಬರೆದದ್ದನ್ನು ಓದಿಸಿ ಕೇಳುತ್ತಾರೆ, ಕಣ್ಣು ಮುಚ್ಚುತ್ತಾರೆ, ಚಹಾ ಬಸಿಗೆ ಸುರಿದು ಸೊರ್ರೆಂದು ಎಳೆದು ಹೇಳುತ್ತಾರೆ: "ಚಲೋ ಐತ್ರಿ. ಆದರ ಇನ್ನೊಂದೀಟ ಖಡಕ್ ಆಗಲಿ." ಖಡಕ್ ಅಂದರೆ ಏನು? ಹದಿನೈದು ವರ್ಷದ ಪರಿಶ್ರಮದಿಂದ ನಾನು ಕಂಡುಕೊಂಡದ್ದು ಇಷ್ಟು: ಒಂದು ಆಶ್ಚರ್ಯಸೂಚಕ ಇದ್ದಲ್ಲಿ ಮೂರು ಹಾಕುವುದು.

ಗೋಕಾಕ ಫಾಲ್ಸಿನ ಪ್ರಕರಣವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಒಂದು ದೀಪಾವಳಿಗೆ ಕರಪತ್ರ ಬೇಕಾಯಿತು. ಸಾವಕಾರರೇ ಮೊದಲ ಸಾಲು ಕಟ್ಟಿಕೊಂಡು ಬಂದಿದ್ದರು: "ಗೋಕಾಕ ಫಾಲ್ಸ್ ಎಷ್ಟ ಎತ್ತರವೋ ನಮ್ಮ ಬೆಲ್ಲದ ಗುಣಮಟ್ಟ ಅಷ್ಟ ಎತ್ತರ!!!"

ನಾನು ಮಾಸ್ತರಿಕೆ ಬಿಡದೆ ಹೇಳಿದೆ: "ಸಾವಕಾರ್ರ, ಫಾಲ್ಸ್ 52 ಮೀಟರ್ ಎತ್ತರ ಖರೆ. ಆದರ ಅದರ ಕೆಲಸ ಬೀಳೂದು. ಗುಣಮಟ್ಟ ಬೀಳತೈತಿ ಅಂತ ಯಾರರೆ ತಿಳಕೊಂಡ್ರ?"

ಅವರು ಒಂದು ಕ್ಷಣ ಯೋಚಿಸಿದರು. "ಹಂಗಾದ್ರ ರಭಸ ಅಂತ ಹಾಕ್ರಿ. ಫಾಲ್ಸಿನ ರಭಸದಂಗ ಮಾರಾಟ."

"ಬ್ಯಾಸಗಿಯೊಳಗ ಅಲ್ಲಿ ನೀರ ಇರೂದಿಲ್ಲಲ್ರಿ. ಬರೇ ಬಂಡೆ."

"ಕರಪತ್ರ ದೀಪಾವಳಿಗಲ್ರಿ?" ಎಂದು ನನ್ನನ್ನು ಮರುಕದಿಂದ ನೋಡಿದರು. ಕೊನೆಗೆ ಇಬ್ಬರೂ ರಾಜಿಯಾಗಿ 'ಜಲಪಾತದಷ್ಟು ಪ್ರಸಿದ್ಧ' ಎಂದು ಬರೆದು ಕಳಿಸಿದೆವು. ಪ್ರೆಸ್ಸಿನಿಂದ ಬಂದಾಗ ಅದು 'ಜಲಪಾತದಷ್ಟು ಪ್ರಸಿದ್ದ ಬೆಲ, ನೀರು ಮಿಶ್ರಿತವಲ್ಲ' ಎಂದಾಗಿತ್ತು. ನೀರಿನ ಮಾತು ಸಾವಕಾರರು ಪ್ರೆಸ್ಸಿಗೆ ಫೋನ್ ಮಾಡಿ ಸೇರಿಸಿದ್ದು. ಒತ್ತಕ್ಷರ ನುಂಗಿದ್ದು ಪ್ರೆಸ್ಸಿನವರ ಸ್ವಂತ ಕೊಡುಗೆ. ಕೆಳಗೆ ದಪ್ಪಕ್ಷರದಲ್ಲಿ 'ಸಾಹಿತ್ಯ' ಎಂದು ನನ್ನ ಹೆಸರು. ಅದರಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ. ಒಂದು ತಿಂಗಳು ನಾನು ಸಂತೆಗೆ ಹೋಗಲಿಲ್ಲ.

ಸಾವಕಾರರಿಗೆ ಬೇಸರವೇನೂ ಆಗಲಿಲ್ಲ. ರಾಜ್ಯದ ಉಳಿದ ಕಡೆ ಸರಕಾರಿ ಕಂಪನಿಗಳು ಮನೆಮನೆಗೆ ಕರೆಂಟು ಕೊಟ್ಟರೆ, ನಮ್ಮ ಹುಕ್ಕೇರಿ ತಾಲ್ಲೂಕಿಗೆ ಕೊಡುವುದು 1969ರಲ್ಲಿ ಹುಟ್ಟಿದ ಸಹಕಾರಿ ಸಂಘ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯೂ ಸಹಕಾರಿಯೇ. "ನಮ್ಮ ತಾಲೂಕಿನ ಗುಣಾನ ಹಂಗ ಐತ್ರಿ ಮಾಸ್ತರ. ಬರವಣಿಗಿನೂ ಸಹಕಾರಿ. ನೀವು ಬರೀರಿ, ನಾ ತಿದ್ದತೀನಿ, ಪ್ರೆಸ್ಸಿನಾಂವ ಒಂದೀಟ ಸೇರಸ್ತಾನ" ಎಂದು ನಕ್ಕರು. ಸಹಕಾರಿಯಲ್ಲಿ ಡಿವಿಡೆಂಡ್ ಅಂತ ಒಂದು ಇರುತ್ತದೆ ಎಂದು ನಾನು ಹೇಳಲಿಲ್ಲ.

ಡಿವಿಡೆಂಡ್ ಇರಲೇ ಇಲ್ಲ ಎಂದರೆ ಸುಳ್ಳಾದೀತು. ಪ್ರತಿ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ಹುಡುಗನ ಕೈಯಲ್ಲಿ ಒಂದು ಬೆಲ್ಲದ ಪೆಂಟಿ ಕಳಿಸುತ್ತಿದ್ದರು. ಅದರ ಬಣ್ಣ ನೋಡಬೇಕು! ಅಂಗಡಿಯ ಎದುರು ಜೋಡಿಸಿಟ್ಟ ಪೆಂಟಿಗಳು ಬಂಗಾರದಂತೆ ಹಳದಿ. ನನಗೆ ಬಂದದ್ದು ಹಳೆಯ ಮನೆಯ ತೊಲೆಯಂತೆ ಕಪ್ಪು. "ಮಾರಾಟ ಆಗದ್ದು ಮಾಸ್ತರನ ಮನಿಗೆ" ಎಂದು ನಾನು ಹೆಂಡತಿಯ ಮುಂದೆ ವರ್ಷಗಟ್ಟಲೆ ಗೊಣಗಿದ್ದೇನೆ. ಆಕೆ ಏನೂ ಅನ್ನದೆ ಅದರಲ್ಲೇ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ನಾನು ಗೊಣಗುತ್ತಲೇ ನಾಲ್ಕು ಹೋಳಿಗೆ ತಿನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ಸಾವಕಾರರು ಹೊಸ ಉತ್ಸಾಹದಲ್ಲಿ ಬಂದರು. ಪೆಂಟಿ ಮಾರಿದರೆ ಇನ್ನು ನಡೆಯುವುದಿಲ್ಲ, ಒಂದು ಕಿಲೋದ ಡಬ್ಬಿ ಮಾಡಿ ಪುಣೆ, ಬೆಂಗಳೂರಿಗೆ ಕಳಿಸಬೇಕು. ಡಬ್ಬಿಯ ಮೇಲೆ ನಾಕು ಸಾಲು. ನಾನೂ ಹುಮ್ಮಸ್ಸಿಗೆ ಬಿದ್ದು ಒಂದು ಪುಟ ಬರೆದೆ. ಅವರು ಓದಿಸಿ ಕೇಳಿದರು. ಮೊದಲ ಸೇರ್ಪಡೆ 'ಸ್ಥಾಪನೆ' ಆಯಿತು.

"ಗಾಣ ಯಾವಾಗ ಸುರು ಆತ್ರಿ?"

"ಮುತ್ಯಾನ ಕಾಲದಾಗ. ಮುತ್ಯಾ ಯಾವಾಗ ಹುಟ್ಟಿದ್ನೋ ಅವಗೇ ಗೊತ್ತಿರಲಿಲ್ಲ. ಮೈಸೂರು ಸ್ಯಾಂಡಲ್ ಸೋಪಿನವರದು ಯಾವ ಇಸವಿ?"

"1916."

"ನಮ್ಮದು 1915 ಹಾಕ್ರಿ. ಒಂದ ವರ್ಷ ಹಿರ್ಯಾರು ಇರಲಿ."

ಹಾಕಿದೆ. 'ದೇಶವಿದೇಶಗಳಲ್ಲಿ ಹೆಸರುವಾಸಿ' ಎಂದೂ ಹಾಕಿಸಿದರು. ವಿದೇಶ ಎಂದರೆ ಗಡಿಯಾಚೆಯ ಕಾಗಲ್ ಸಂತೆ. 14 ಅಂಕಿಯ ಆಹಾರ ಲೈಸೆನ್ಸ್ ನಂಬರು ಬರೆಯುವಾಗ, ಡಬ್ಬಿಯ ಮೇಲೆ ನಿಜವೆನ್ನುವುದು ಇದೊಂದೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆಮೇಲೆ ನನ್ನ ಹೆಮ್ಮೆಯ ಸಾಲಿಗೆ ಬಂದೆ. ಅದನ್ನು ಯಾರೂ ಕೇಳಿರಲಿಲ್ಲ, ನಾನೇ ಬರೆದದ್ದು: 'ಸಂಪೂರ್ಣ ರಾಸಾಯನಿಕ ಮುಕ್ತ.'

ಸಾವಕಾರರು ಬಸಿಯನ್ನು ಕೆಳಗಿಟ್ಟರು. "ಅದನ್ನ ಹೊಡೀರಿ."

ಹದಿನೈದು ವರ್ಷದಲ್ಲಿ ಅವರು ಸೇರಿಸಿದ್ದನ್ನು ಕಂಡಿದ್ದೆ; ಒಂದು ಶಬ್ದ ಹೊಡೆಸಿದ್ದನ್ನು ಕಂಡಿರಲಿಲ್ಲ. "ಯಾಕ್ರಿ? ಎಲ್ಲಾರೂ ಬರಸ್ತಾರಲ್ಲ?"

"ಬರಸ್ಲಿ. ಬೆಲ್ಲ ಹಳದಿ ಆಗಬೇಕಂದ್ರ ಕೊಪ್ಪರಿಗಿಯೊಳಗ ಹೈಡ್ರೋಸ್ ಬೀಳಬೇಕ್ರಿ. ನನ್ನ ಕೈಲೇ ಬೀಳತೈತಿ, ನನಗ ಗೊತ್ತಿಲ್ಲೇನು? ಮುತ್ಯಾ ಬೆಂಡಿಗಿಡದ ಲೋಳಿ ಹಾಕಿ ಕೊಳಿ ತಗೀತಿದ್ದ, ಸುಣ್ಣದ ತಿಳಿ ಹಾಕ್ತಿದ್ದ, ಅಷ್ಟ. ಬೆಲ್ಲ ಕರ್ರಗ ಬರತಿತ್ತು. ಈಗ ಕರೀ ಬೆಲ್ಲ ಇಟ್ರ ಗಿರಾಕಿ ಹೊಲಸು ಅಂದು ಮುಂದಿನ ಅಂಗಡಿಗೆ ಹೊಕ್ಕಾನ. ಕಾಯ್ದೆ ಹೇಳಿದ್ದಕ್ಕಿಂತ ಹೆಚ್ಚು ಉಳಿಬಾರದಂತ ಕೈ ಹಿಡದ ಹಾಕ್ತೀನಿ. ಆದರ ಹಾಕೂದ ಇಲ್ಲ ಅಂತ ಹ್ಯಾಂಗ ಬರಸ್ಲಿ? ಕೂಸು ತಿಂತಾವ್ರಿ ಅದನ್ನ."

"ಮತ್ತ ಸ್ಥಾಪನೆ 1915 ಅನ್ನೂದು?"

"ಅದನ್ನ ಯಾರೂ ತಿನ್ನೂದಿಲ್ಲಲ್ರಿ!"

ನಾನು ಪೆನ್ನಿನಿಂದ ಆ ಸಾಲು ಹೊಡೆದೆ. ಹೈಡ್ರೋಸಿನಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗ ಮೀರಬಾರದೆಂದು ಆಹಾರ ಕಾಯ್ದೆ ಹೇಳುತ್ತದೆ. ಜಾಹೀರಾತಿನಲ್ಲಿ ಮಾಸ್ತರರು ಬೆರೆಸುವುದಕ್ಕೆ ಮಿತಿ ಹಾಕಿದವರಿಲ್ಲ. ಮುಖ ಉಳಿಸಿಕೊಳ್ಳಲು ಕೇಳಿದೆ: "ಹಂಗಾದ್ರ ನಿಮ್ಮ ಮನ್ಯಾಗ ಯಾವ ಬೆಲ್ಲ ತಿಂತೀರಿ?"

ಸಾವಕಾರರು ನನ್ನನ್ನು ದಡ್ಡ ಹುಡುಗನನ್ನು ನೋಡಿದಂತೆ ನೋಡಿದರು. "ವರ್ಷಾ ನಿಮಗ ಕಳಸ್ತೀನಲ್ರಿ, ಅದನ್ನ! ಹಂಗಾಮಿನ್ಯಾಗ ಒಂದ ಕೊಪ್ಪರಿಗಿ ಮನಿ ಸಲುವಾಗಿ ಬ್ಯಾರೇ ಇಳಸ್ತೀನಿ. ಬೆಂಡಿಲೋಳಿದು. ಮನ್ಯಾಗ ಒಂದೀಟ ಇಟ್ಟು, ಮಗಳ ಮನಿಗೆ ಒಂದ ಪೆಂಟಿ, ನಿಮಗೊಂದು."

ಒಳಗಿನಿಂದ ಹೆಂಡತಿ ಕೆಮ್ಮಿದಳು. ಆಕೆಗೆ ಗೊತ್ತಿತ್ತು. ಹೂರಣ ರುಬ್ಬಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ಶಬ್ದ ರುಬ್ಬಿದ ಕೈಗೆ ಮಾತ್ರ ಗೊತ್ತಾಗಿರಲಿಲ್ಲ.

ಅಂದಿನಿಂದ ಅವರ ಮೇಲೆ ಸರಿಯಾಗಿ ಸಿಟ್ಟು ಮಾಡಲು ಬರುತ್ತಿಲ್ಲ. ಡಬ್ಬಿಯ ವ್ಯಾಪಾರವೇನೂ ಕೈಹತ್ತಲಿಲ್ಲ. ಊರಿಗೇ ಸಕ್ಕರೆ ಕಾರ್ಖಾನೆ ಬಂದ ಮೇಲೆ ಹಂಗಾಮಿನಲ್ಲಿ ಕಬ್ಬೆಲ್ಲ ಜೋಡಿ ಟ್ರಾಲಿ ಏರಿ, ಹಾಡು ಹಚ್ಚಿಕೊಂಡು ಅತ್ತಲೇ ಹೋಗುತ್ತದೆ. ಗಾಣಕ್ಕೆ ಉಳಿದಷ್ಟು. ಬೆಲ್ಲದ ಹೆಸರು ಹೊತ್ತ ಊರಲ್ಲಿ ಸಕ್ಕರೆಯ ಚಿಮಣಿ ಹೊಗೆಯಾಡುವುದನ್ನು ನೋಡುತ್ತ, ಕೊಪ್ಪರಿಗೆಯ ಪಕ್ಕದಲ್ಲಿ ನಿಂತ ಮನುಷ್ಯನಿಗೆ ಮೂರು ಆಶ್ಚರ್ಯಸೂಚಕ ಯಾಕೆ ಬೇಕು ಎಂದು ಈಗೀಗ ನನಗೆ ತಿಳಿಯುತ್ತಿದೆ. ದನಿ ಸಣ್ಣದಾದವನೇ ದೊಡ್ಡದಾಗಿ ಕೂಗಬೇಕಲ್ಲ.

ಮೊನ್ನೆ ಅವರ ಮಗ ಬೆಂಗಳೂರಿನಿಂದ ಬಂದವನು ಮೊಬೈಲಿಗೆ ಹೇಳಿ ಜಾಹೀರಾತು ಬರೆಸಿದ. ಒಂದು ನಿಮಿಷದಲ್ಲಿ ನಲವತ್ತು ಸಾಲು. 'ನಿಮ್ಮ ಆರೋಗ್ಯದ ಸಿಹಿ ಪಯಣ ಇಲ್ಲಿಂದ ಆರಂಭ' ಅಂತ ಶುರು. ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಕಾಡುವವರು ಇನ್ನು ಕಾಡುವುದಿಲ್ಲ ಎಂದರೂ ಸಂಕಟವೇ. ಐದನೆಯ ಸಾಲಿನಲ್ಲಿ 'ಶೇಕಡಾ ನೂರು ರಾಸಾಯನಿಕ ಮುಕ್ತ' ಎಂದಿತ್ತು. ಆಹಾ, ಎನಿಸಿತು. ಯಂತ್ರವೂ ನನ್ನಂತೆಯೇ ಮಾಸ್ತರ. ಯಾರನ್ನೂ ಕೇಳದೆ ಬರೆಯುತ್ತದೆ.

ಸಾವಕಾರರು ಮೊಬೈಲನ್ನು ಮಗನ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು. "ಮಾಸ್ತರ, ಈ ಸಲ ಕರೀ ಬೆಲ್ಲ ಮಾರಿ ನೋಡೂಣು ಅಂತ ಮಾಡೀನಿ. ಹತ್ತ ಕೊಪ್ಪರಿಗಿ ಆಗಲಿ, ಹೋದ್ರ ಹೋತು. ಕರೀದು ಯಾಕ ಕರೀದು ಅಂತ ಮಂದಿಗೆ ತಿಳಿಯೂಹಂಗ ನಾಕು ಸಾಲು ಬರದು ಕೊಡ್ರಿ. ಖಡಕ್ ಬ್ಯಾಡ. ಇದ್ದಂಗ ಇರಲಿ."

ಮೂರು ತಿಂಗಳಾಯಿತು. ಬರೆಯುತ್ತೇನೆ, ಹರಿಯುತ್ತೇನೆ. 'ಅಮೃತಸಮಾನ' ತಾನಾಗಿ ಬಂದು ಕೂರುತ್ತದೆ, ಎಬ್ಬಿಸಿ ಕಳಿಸುತ್ತೇನೆ. 'ಪರಂಪರೆಯ ಸವಿ' ಬರುತ್ತದೆ, ಅದನ್ನೂ ಕಳಿಸುತ್ತೇನೆ. ಅವೆಲ್ಲ ಹೋದ ಮೇಲೆ ಕಾಗದದ ಮೇಲೆ 'ಬೆಲ್ಲ' ಎಂಬುದೊಂದೇ ಉಳಿಯುತ್ತದೆ. ಕವನ ಸಂಕಲನದ ಬೆನ್ನುಡಿ ಅರ್ಧ ಗಂಟೆಯಲ್ಲಿ ಬರೆದವನು ನಾನು.

ಬೆಳಿಗ್ಗೆ ಆರಕ್ಕೆ ಬಾಗಿಲ ಮುಂದೆ ಚಪ್ಪಲಿ ಬಿಟ್ಟ ಸಪ್ಪಳ. "ಮಾಸ್ತರ, ಆತೇನ್ರಿ ನಾಕು ಸಾಲು?"

"ಒಂದೀಟ ತಡೀರಿ ಸಾವಕಾರ್ರ," ಎಂದೆ, "ಇನ್ನೂ ಪಾಕ ಬಂದಿಲ್ಲ."